ಎಂಟು ಗೆರೆಗಳ ಉದ್ದ

ಡಿಪ್ಲೊಮಾ ಮುಗಿಸಿ ಚಿಕ್ಕಬಳ್ಳಾಪುರದ ಒಂದು ಸಣ್ಣ ಎಲೆಕ್ಟ್ರಾನಿಕ್ಸ್ ಘಟಕದಲ್ಲಿ ಸರ್ಕ್ಯೂಟ್ ಬೋರ್ಡುಗಳ ನಕ್ಷೆ ಹಾಕುವ ಕೆಲಸಕ್ಕೆ ಸೇರಿದೆ. ತೊಂಬತ್ತರ ದಶಕದ ಆರಂಭ. ನಮ್ಮಲ್ಲಿನ್ನೂ ಕಂಪ್ಯೂಟರ್ ಇರಲಿಲ್ಲ. ತಾಮ್ರದ ಗೆರೆ ಎಲ್ಲೆಲ್ಲಿ ಹಾಯಬೇಕೋ ಅಲ್ಲೆಲ್ಲ ಪಾರದರ್ಶಕ ಹಾಳೆಯ ಮೇಲೆ ಕಪ್ಪು ಟೇಪು ಅಂಟಿಸಬೇಕಿತ್ತು. ಧೂಳು ಬೀಳಬಾರದೆಂದು ಕೋಣೆಯ ಕಿಟಕಿಗಳಿಗೆ ಹಲಗೆ ಹೊಡೆದಿದ್ದರು. ಶಿಡ್ಲಘಟ್ಟದ ಬಸ್ಸಿಳಿದು ಒಳಹೊಕ್ಕರೆ ಸಂಜೆಯವರೆಗೆ ಹೊರಗೆ ಬಿಸಿಲೋ ಮಳೆಯೋ ತಿಳಿಯುತ್ತಿರಲಿಲ್ಲ. ಉಸಿರುಕಟ್ಟಿ, ಕಿಟಕಿ ತೆರೆದಿರುವ ಪರೀಕ್ಷಾ ವಿಭಾಗಕ್ಕೆ ಹಾಕಿ ಎಂದು ಮೇಲ್ವಿಚಾರಕರನ್ನು ಎರಡು ಸಲ ಕೇಳಿದ್ದೆ. 'ನೋಡೋಣ' ಎಂದಿದ್ದರು.

ಆಗ ಆ ಬೋರ್ಡು ಬಂತು. ಮೂಲೆಯ ಒಂದು ಚಿಪ್ಪಿನಿಂದ ಬೇರೆ ಎಂಟು ಚಿಪ್ಪುಗಳಿಗೆ ಸಂಕೇತ ಒಂದೇ ಕ್ಷಣಕ್ಕೆ ತಲುಪಬೇಕು. ಅಂದರೆ ಎಂಟೂ ಗೆರೆಗಳ ಉದ್ದ ಒಂದೇ ಇರಬೇಕು. ಹತ್ತಿರದ ಗೆರೆಗಳನ್ನು ಹಾವಿನಂತೆ ಬಳುಕಿಸಿ ದೂರದ್ದಕ್ಕೆ ಸರಿಗಟ್ಟಬೇಕು. ಟೇಪಿನ ಮೇಲೆ ನೂಲು ಹಾಯಿಸಿ ಅಳೆದೆ, ಕಿತ್ತೆ, ಮತ್ತೆ ಅಂಟಿಸಿದೆ. ಬಳುಕಿಸಲು ಜಾಗವೇ ಇಲ್ಲ.

"ಸಾರ್, ಆ ಚಿಪ್ಪನ್ನ ಮಧ್ಯಕ್ಕೆ ತಂದ್ರೆ ಸರಿಹೋಗುತ್ತೆ," ಎಂದೆ ಮೇಲ್ವಿಚಾರಕರಿಗೆ.

"ಅದನ್ನ ಅಲ್ಲಿ ಇಟ್ಟಿರೋದು ನಾನು ಕಣಮ್ಮ. ನೀನು ಗೆರೆ ಎಳಿ ಸಾಕು."

ಬಳುಕುಗಳನ್ನು ಒತ್ತೊತ್ತಾಗಿ ತುರುಕಿದೆ. ನೂಲಿನ ಲೆಕ್ಕಕ್ಕೆ ಎಂಟೂ ಸಮ. ತಯಾರಾದ ಬೋರ್ಡು ಮಾತ್ರ ಸಂಕೇತವನ್ನು ತಪ್ಪು ತಪ್ಪಾಗಿ ಓದುತ್ತಿತ್ತು. ಬಳುಕುಗಳು ಅಷ್ಟು ಹತ್ತಿರವಿದ್ದರೆ ಸಂಕೇತ ಒಂದರಿಂದ ಇನ್ನೊಂದಕ್ಕೆ ಹಾರಿ ಬೇಗ ತಲುಪಿಬಿಡುತ್ತದೆ ಎಂದು ಪರೀಕ್ಷಾ ವಿಭಾಗದ ಹಿರಿಯ ಹೆಂಗಸು ವಿವರಿಸಿದರು. ಮೇಲ್ವಿಚಾರಕರು ಎಲ್ಲರೆದುರು ನನ್ನನ್ನೇ ಬೈದರು.

"ಮತ್ತೆ ಮಾಡು. ಚಿಪ್ಪು ಮಾತ್ರ ಮುಟ್ಬೇಡ."

ಮುಟ್ಟದೆ ಆಗದು, ಮುಟ್ಟಿದರೆ ಕೆಲಸ ಉಳಿಯದು. ಎರಡು ದಿನ ಹಾಳೆಯ ಮುಂದೆ ಸುಮ್ಮನೆ ಕೂತೆ. ಮೂರನೆಯ ದಿನ ಅವರು ಬೆಂಗಳೂರಿಗೆ ಹೋದಾಗ ಟೇಪನ್ನೆಲ್ಲ ಕಿತ್ತು ಚಿಪ್ಪನ್ನು ಮಧ್ಯಕ್ಕೆ ತಂದೆ. ಗೆರೆಗಳು ತಾವಾಗಿಯೇ ಹೆಚ್ಚುಕಡಿಮೆ ಸಮವಾದವು; ಅಲ್ಲಲ್ಲಿ ಒಂದೊಂದು ಅಗಲವಾದ ಬಳುಕು ಸಾಕಾಯಿತು.

ವಾಪಸು ಬಂದವರು ಹಾಳೆ ನೋಡಿ ಕೆಂಪಾದರು. ಆದರೆ ಗಿರಾಕಿಯ ಗಡುವು ತಲೆಯ ಮೇಲಿತ್ತು, ಹಾಗೇ ತಯಾರಿಕೆಗೆ ಕಳಿಸಿದರು. ಬೋರ್ಡು ಮೊದಲ ಸಲಕ್ಕೇ ಸರಿಯಾಗಿ ಓಡಿತು.

ಮರುದಿನ ಕರೆದರು. "ಇನ್ಮೇಲೆ ಇಂಥಾ ಬೋರ್ಡೆಲ್ಲಾ ನಿಂದೇ."

"ಟೆಸ್ಟಿಂಗ್‌ಗೆ ಹಾಕೋದು ನೋಡೋಣ ಅಂದಿದ್ರಲ್ಲ ಸಾರ್?"

"ನಿನ್ ಬಿಟ್ರೆ ಇದನ್ನ ಯಾರಮ್ಮ ಮಾಡ್ತಾರೆ?"

ಹೊಗಳಿಕೆಯೇ ಅದು. ಮನೆಯಲ್ಲಿ ಹೇಳಿದೆ. ತಮ್ಮ ಮಗಳಿಲ್ಲದೆ ಅಲ್ಲಿ ಕೆಲಸವೇ ನಡೆಯೋದಿಲ್ಲ ಎಂದು ಅಮ್ಮ ಬೀದಿಗೆಲ್ಲ ಸಾರಿದರು. ಆಮೇಲೆ ಆ ಕೆಲಸ ಬಿಡುತ್ತೇನೆಂದು ಯಾರಿಗೆ ಹೇಳಲಿ? ಇನ್ನೂ ಐದು ವರ್ಷ ಅಲ್ಲೇ ಟೇಪು ಅಂಟಿಸಿದೆ.