ಓಣಿಗೆ ಅಡ್ಡ ಬಂದ ಸೋಫಾಗಳು

ಗುಂಪಿನಲ್ಲಿ ಸಿಕ್ಕಿ ಸತ್ತವರಲ್ಲಿ ಹೆಚ್ಚಿನವರು ಯಾರ ಕಾಲಡಿಗೂ ಬಿದ್ದು ಸತ್ತವರಲ್ಲ. ನಿಂತಲ್ಲೇ ಸತ್ತವರು. ಎದೆ ಹಿಗ್ಗುವುದಕ್ಕೆ ಅಂಗೈಯಗಲ ಜಾಗ ಸಿಗದೆ ಉಸಿರು ಕಟ್ಟಿ ಸತ್ತವರು. ಮರುದಿನ ನಾವು ‘ಕಾಲ್ತುಳಿತ’ ಎಂಬ ದಪ್ಪಕ್ಷರ ಓದಿ, ಛೇ, ಈ ಜನಕ್ಕೆ ಬುದ್ಧಿಯೇ ಇಲ್ಲ ಎಂದು ಪುಟ ತಿರುಗಿಸುತ್ತೇವೆ. ಜಾಗ ಕಿತ್ತುಕೊಂಡವರು ಯಾರು ಎಂದು ಕೇಳುವ ಗೋಜಿಗೆ ಹೋಗುವುದಿಲ್ಲ.

ಕಂಡಕ್ಟರಮ್ಮನಿಗೆ ಇದು ಗೊತ್ತಿತ್ತು. ಗೊತ್ತಿದ್ದದ್ದೇನೂ ಹೆಚ್ಚುಗಾರಿಕೆಯಲ್ಲ. ಅವಳು ಕೆಲಸ ಮಾಡುವ ಮೇಳದ ಮೈದಾನದಲ್ಲಿ ಗೊತ್ತಿದ್ದವರು ಬೇಕಾದಷ್ಟು ಜನ ಇದ್ದರು.

ಅವಳು ಅರ್ಧ ಆಯುಷ್ಯ ಸಿಟಿ ಬಸ್ಸಿನಲ್ಲಿ ಟಿಕೆಟ್ ಹರಿದವಳು. ಟಿಕೆಟ್ ಕೊಡುವ ಯಂತ್ರ ಬಂದು ಕೆಲಸ ಹೋದಾಗ ಕೈಹಿಡಿದವನು ಮೈದುನ. ಬಯಲಿನಲ್ಲಿ ದೊಡ್ಡ ದೊಡ್ಡ ಸಂಗೀತ ಮೇಳ ನಡೆಸುವ ಕಂಪನಿಯೊಂದರಲ್ಲಿ ಅವನು ಮೈದಾನದ ಮ್ಯಾನೇಜರ್. ಅತ್ತಿಗೆಯನ್ನು ವೇದಿಕೆ ಮುಂದಿನ ಕಬ್ಬಿಣದ ಬೇಲಿಯ ಕಾವಲಿಗೆ ಸೇರಿಸಿದ. ಗಂಟಲಿನ ಜೋರಿಗೆ ಎರಡೇ ಹಂಗಾಮಿನಲ್ಲಿ ಅವಳು ಬೇಲಿ ತಂಡದ ಮುಖ್ಯಸ್ಥಳಾದಳು. ‘ಬಸ್ಸಲ್ಲಿ ಮುಂದೆ ಹೋಗಿ, ಮುಂದೆ ಹೋಗಿ ಅಂತ ಅರಚ್ತಿದ್ದೆ. ಇಲ್ಲಿ ಹಿಂದೆ ಹೋಗಿ ಅಂತ ಅರಚ್ತೀನಿ. ಬಡ್ತಿ ಅಂದ್ರೆ ಇದೇ ಇರ್ಬೇಕು’ ಎನ್ನುತ್ತಿದ್ದಳು.

ಜಗತ್ತಿನ ಯಾವ ಮೂಲೆಯ ಮೇಳಕ್ಕಾದರೂ ಹೋಗಿ, ವೇದಿಕೆಗೆ ಬೆನ್ನು ಹಾಕಿ ನಿಂತವರ ಒಂದು ಸಾಲು ಕಾಣುತ್ತದೆ. ಊರೆಲ್ಲ ಹಾಡುವವನನ್ನು ನೋಡಿದರೆ ಇವರು ಊರನ್ನು ನೋಡುತ್ತಾರೆ. ಮನೆಗೆ ಬಂದಾಗ ಗಂಡ ಕೆಣಕಿ ಕೇಳುವನು: ‘ಹೇಗೆ ಹಾಡಿದ್ನೇ ಮಹಾನುಭಾವ?’

‘ನಂಗೇನು ಬೆನ್ನಲ್ಲಿ ಕಣ್ಣಿದ್ಯಾ? ಜನ ಗೊಳೋ ಅಂತ ಅತ್ರು. ಚೆನ್ನಾಗೇ ಹಾಡಿರ್ತಾನೆ.’

ಬೇಲಿಗೆ ಒತ್ತಿಕೊಂಡವರಲ್ಲಿ ಯಾರ ಮುಖ ಬಿಳುಚಿತು, ಯಾರ ಕೈ ಎದೆಯ ಬಳಿಯೇ ಸಿಕ್ಕಿಕೊಂಡಿತು ಎಂದು ನೋಡುವುದು, ಅಂಥವರನ್ನು ಬೇಲಿಯ ಮೇಲಿಂದ ಎತ್ತಿ ಈಚೆ ಇಳಿಸುವುದು, ಬೇಲಿಗೂ ವೇದಿಕೆಗೂ ನಡುವಿನ ಓಣಿಯಿಂದ ಹೊರಗೆ ಸಾಗಿಸುವುದು, ಇಷ್ಟೇ ಅವಳ ಕೆಲಸ. ಆ ಓಣಿ ಸದಾ ಖಾಲಿ ಇರಬೇಕು. ಖಾಲಿ ಜಾಗ ಕಂಡರೆ ಕಂಪನಿಯವರಿಗೆ ಕೈ ತುರಿಸುತ್ತದೆ.

ಹಿಂದಿನ ವರ್ಷ ಓಣಿಯ ತುಂಬ ಧ್ವನಿವರ್ಧಕದ ಪೆಟ್ಟಿಗೆಗಳನ್ನು ಪೇರಿಸಿದ್ದರು. ಅವಳು ಗೊಣಗಿದಳು. ‘ಇದೊಂದ್ಸಲ ಅಡ್ಜಸ್ಟ್ ಮಾಡ್ಕೊಳ್ಳಿ ಅತ್ತಿಗೆ’ ಎಂದ ಮೈದುನ. ಮಾಡಿಕೊಂಡಳು. ಆ ಸಂಜೆ ಕಾಲೇಜು ಹುಡುಗಿಯೊಬ್ಬಳನ್ನು ಬೇಲಿಯಿಂದ ಎತ್ತಿಕೊಂಡಳು, ಆದರೆ ಹೊರಗೆ ಒಯ್ಯಲು ದಾರಿಯಿಲ್ಲ. ಪಕ್ಕೆಲುಬು ಮುರಿದ ಹುಡುಗಿ ಪೆಟ್ಟಿಗೆಗಳ ನಡುವೆ ಮಲಗಿ ನೀರಿನಿಂದ ತೆಗೆದ ಮೀನಿನ ಹಾಗೆ ಬಾಯಿ ಬಿಡುತ್ತಿದ್ದಳು. ಬದುಕಿಕೊಂಡಳು, ನಿಜ. ಆಸ್ಪತ್ರೆಗೆ ನೋಡಲು ಹೋದಾಗ ಹುಡುಗಿಯ ತಾಯಿ ಇವಳ ಎರಡೂ ಕೈ ಹಿಡಿದು, ‘ನೀವಿಲ್ದಿದ್ರೆ ನನ್ನ ಮಗಳು ಇರ್ತಿರ್ಲಿಲ್ಲಮ್ಮಾ’ ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಆ ಕೃತಜ್ಞತೆ ಕೆನ್ನೆಗೆ ಬಾರಿಸಿದ ಹಾಗಾಯಿತು. ಓಣಿ ಮುಚ್ಚಿದ್ದರೆ ಇನ್ನೊಮ್ಮೆ ತನ್ನ ಬಾಯಿಂದ ‘ರೆಡಿ’ ಬರುವುದಿಲ್ಲ ಎಂದು ಆಸ್ಪತ್ರೆಯ ಮೆಟ್ಟಿಲಿಳಿಯುತ್ತಲೇ ತೀರ್ಮಾನಿಸಿದಳು.

‘ರೆಡಿ’ ಎಂಬುದು ಅಲ್ಲಿ ಬರಿಯ ಮಾತಲ್ಲ. ಜನರನ್ನು ಒಳಗೆ ಬಿಡುವ ಮುಂಚೆ ವಾಕಿಟಾಕಿಯಲ್ಲಿ ಒಂದೊಂದೇ ವಿಭಾಗವನ್ನು ಕೂಗಿ ಕೇಳುತ್ತಾರೆ. ವಿದ್ಯುತ್ತು ರೆಡಿ, ನೀರು ರೆಡಿ, ಆಂಬುಲೆನ್ಸ್ ರೆಡಿ. ಕೊನೆಗೆ ಬೇಲಿ. ಎಲ್ಲರ ಉತ್ತರ ಎಲ್ಲರಿಗೂ ಕೇಳಿಸುತ್ತದೆ. ಒಂದು ಬಾಯಿ ಸುಮ್ಮನಿದ್ದರೂ ಗೇಟು ತೆರೆಯುವಂತಿಲ್ಲ.

ಈ ವರ್ಷ ಓಣಿಯಲ್ಲಿ ಸೋಫಾ ಬಂದಿದ್ದವು. ಬಿಳಿ ಚರ್ಮದವು, ಮುಂದೆ ಗಾಜಿನ ಮೇಜುಗಳು. ಹಾಡುವವನ ಬೆವರು ಎಣಿಸುವಷ್ಟು ಹತ್ತಿರ ಕೂರಲು ಬಯಸುವ ಭಾರಿ ಜೇಬಿನವರಿಗೆ ಕಂಪನಿ ಓಣಿಯನ್ನೇ ಮಾರಿಕೊಂಡಿತ್ತು. ಹೊರಗೆ ಬಿಸಿಲಿನಲ್ಲಿ ಜನ ಗೇಟು ಬಡಿಯುತ್ತಿದ್ದರು. ವಾಕಿಟಾಕಿ ಕೇಳಿತು: ‘ಬೇಲಿ?’

‘ಇಲ್ಲ’ ಎಂದಳು ಕಂಡಕ್ಟರಮ್ಮ.

ಮೈದುನ ಏದುಸಿರು ಬಿಡುತ್ತ ಓಡಿಬಂದ. ‘ಅತ್ತಿಗೆ, ಏನಿದು ಹೊಸ ರಾಗ?’

‘ರಾಗ ವೇದಿಕೆ ಮೇಲೆ ಹಾಡ್ತಾರೆ. ನನ್ನ ಓಣಿ ಎಲ್ಲಿ?’

‘ಇಲ್ಲೇ ಇದೆಯಲ್ಲ, ಸೋಫಾ ಹಿಂದೆ ಒಬ್ಬರು ಹೋಗೋಷ್ಟು...’

‘ನೀನು ಹೋಗಿ ತೋರಿಸು. ನನ್ನನ್ನ ನಿನ್ನ ಹೆಗಲ ಮೇಲೆ ಹೊತ್ಕೊಂಡು ಹೋಗು.’

ತಂಡದವರು ನಕ್ಕರು. ಅವನು ನಗಲಿಲ್ಲ. ‘ನಂಗೆ ಗೊತ್ತಿಲ್ಲ ಅನ್ಕೊಂಡ್ರಾ? ಮೇಲಿನವರು ಮಾರಿಬಿಟ್ಟಿದಾರೆ. ನಾನೇನು ಮಾಡ್ಲಿ? ನನ್ನ ಕೆಲಸ ಹೋದ್ರೆ ನಿಮ್ಮದು ಉಳಿಯುತ್ತಾ? ಅಣ್ಣನಿಗೆ ಏನು ಹೇಳ್ತೀರಿ?’

‘ನಿಮ್ಮಣ್ಣ ನಾನಿರದ ಮನೇಲಿ ಕೂತು ಅಭ್ಯಾಸ ಮಾಡ್ಕೊಂಡಿದಾರೆ. ನಾನಿರೋ ಮನೇಲೂ ಕೂತು ಅಭ್ಯಾಸ ಮಾಡ್ಕೊಳ್ತಾರೆ.’

ಅವನು ವಾಕಿಟಾಕಿ ಕಿತ್ತುಕೊಂಡು ಪಕ್ಕದಲ್ಲಿದ್ದ ಪೈಲ್ವಾನನ ಕೈಗೆ ತುರುಕಿದ. ತಂಡದಲ್ಲೇ ಗಟ್ಟಿ ಆಳು, ಬಾಯಿ ಸತ್ತವನು. ‘ನೀನು ಹೇಳು. ಒಂದು ಮಾತು, ಸಾಕು.’

ಪೈಲ್ವಾನ ಗುಂಡಿ ಒತ್ತಿದ. ಅತ್ತ ನೋಡಿದ, ಇತ್ತ ನೋಡಿದ. ‘ಬೇಲಿ... ಅಕ್ಕ ಹೇಳಿದ್ದೇ’ ಎಂದು ವಾಪಸು ಕೊಟ್ಟುಬಿಟ್ಟ.

ಈಗ ಉಪಕರಣ ಮೈದುನನ ಕೈಯಲ್ಲೇ ಉಳಿಯಿತು. ‘ಗೇಟು ಅಲ್ಲಾಡ್ತಿದೆ, ಯಾರಾದ್ರೂ ಏನಾದ್ರೂ ಹೇಳಿ’ ಎಂದು ಅದು ಕರಕರ ಎನ್ನುತ್ತಿತ್ತು.

‘ನೀನೇ ಹೇಳು’ ಎಂದಳು ಅವಳು, ದನಿ ಇಳಿಸಿ. ‘ನಾನು ತಡೆಯಲ್ಲ. ನಿನ್ನ ಬಾಯಿಂದ, ನಿನ್ನ ದನಿಯಲ್ಲಿ. ಹೋದ್ವರ್ಷ ನಾನು ಹೇಳಿದ್ದೆ. ಆಸ್ಪತ್ರೆಗೂ ನಾನೇ ಹೋದೆ. ಈ ಸಲ ನೀನು ಹೋಗ್ಬೇಕಾಗುತ್ತೆ.’

ಅವನು ಸೋಫಾಗಳನ್ನು ನೋಡಿದ. ಗುಂಡಿ ಒತ್ತಿದ. ‘ಸಾಮಾನು ಹೊರೋರು ಎಲ್ರೂ ವೇದಿಕೆ ಮುಂದೆ ಬನ್ನಿ. ಸೋಫಾ ಎತ್ಬೇಕು. ಗೇಟು ಯಾರೂ ಮುಟ್ಬೇಡಿ.’

ಗೇಟು ತಡವಾಗಿ ತೆರೆಯಿತು. ಭಾರಿ ಜೇಬಿನವರನ್ನು ಹಿಂದಿನ ಕಟ್ಟೆಯ ಮೇಲೆ ಕೂರಿಸಿದ್ದಕ್ಕೆ ಅವರು ಮೈದುನನ ವಂಶವನ್ನೇ ಜಾಲಾಡಿದರು. ಸೂರ್ಯ ಇಳಿಯುವ ಹೊತ್ತಿಗೆ ಜನಪ್ರಿಯ ಹಾಡು ಶುರುವಾಗಿ ಇಡೀ ಬಯಲು ಒಮ್ಮೆಲೇ ಮುಂದಕ್ಕೆ ವಾಲಿತು. ಕಂಡಕ್ಟರಮ್ಮ ಮತ್ತು ಪೈಲ್ವಾನ ಒಬ್ಬರ ಹಿಂದೊಬ್ಬರನ್ನು ಬೇಲಿಯಿಂದ ಎತ್ತಿ ಇಳಿಸಿದರು. ಇಳಿದವರು ಓಣಿಯಲ್ಲಿ ತಮ್ಮ ಕಾಲಮೇಲೆ ತಾವೇ ನಡೆದುಹೋದರು. ಕೆಲವರು ಬೈದರು: ‘ಒಳ್ಳೇ ಹಾಡಿಗೇ ಎಳ್ಕೊಂಡ್ರಲ್ಲ!’ ಒಬ್ಬಳು ಕಳೆದುಹೋದ ಚಪ್ಪಲಿ ಕೇಳಿದಳು.

ಏನೂ ಆಗಲಿಲ್ಲ. ಏನೂ ಆಗದ್ದರಿಂದ ಯಾವ ಪತ್ರಿಕೆಯೂ ಬರೆಯಲಿಲ್ಲ. ಕಂಪನಿ ಮಾತ್ರ ಮರೆಯಲಿಲ್ಲ; ಮುಂದಿನ ಮೇಳಕ್ಕೆ ಅತ್ತಿಗೆ, ಮೈದುನ ಇಬ್ಬರನ್ನೂ ಕರೆಯಲಿಲ್ಲ. ಮೈದುನ ಮದುವೆ ಮಂಟಪಗಳಿಗೆ ಕುರ್ಚಿ ಬಾಡಿಗೆ ಕೊಡುವ ಅಂಗಡಿ ಸೇರಿದ. ಅವಳು ಇನ್ನೊಂದು ಕಂಪನಿಯ ಬಾಗಿಲು ತಟ್ಟಿದಳು.

‘ನೀವು ತಕರಾರಿನವರಂತೆ?’ ಎಂದು ಕೇಳಿದರು ಅಲ್ಲಿ.

‘ಓಣಿ ಖಾಲಿ ಇದ್ರೆ ನನ್ನಷ್ಟು ಸಾಧು ಇನ್ನೊಬ್ರಿಲ್ಲ’ ಎಂದಳು.

ಕೆಲಸ ಸಿಗಲಿಲ್ಲ. ಮೂರನೆಯ ಕಡೆ ವಿಚಾರಿಸುತ್ತಿದ್ದಾಳೆ. ಅಲ್ಲೂ ಇದೇ ಮಾತು ಹೇಳುತ್ತಾಳೆ, ಬೇರೆ ಮಾತು ಕಲಿಯುವ ಉದ್ದೇಶ ಅವಳಿಗಿಲ್ಲ.

ಅವಳಿಲ್ಲದ ಬೇಲಿಯ ಮೇಳಕ್ಕೆ ಈ ಸಲ ನೀವು ಟಿಕೆಟ್ ಕೊಳ್ಳುತ್ತೀರಿ. ಕೊಳ್ಳುವ ಮುಂಚೆ ಮೇಳ ನಡೆಸುವವರಿಗೆ ಫೋನ್ ಮಾಡಿ, ವೇದಿಕೆ ಮುಂದಿನಿಂದ ಹೊರಹೋಗುವ ದಾರಿ ಎಲ್ಲಿದೆ, ಅದರಲ್ಲಿ ಯಾರನ್ನು ಕೂರಿಸಿದ್ದೀರಿ ಎಂದು ಕೇಳಿ. ನೇರ ಉತ್ತರ ಬರದಿದ್ದರೆ ದುಡ್ಡು ಜೇಬಿನಲ್ಲೇ ಇಟ್ಟುಕೊಳ್ಳಿ, ಯಾಕೆ ಕೊಳ್ಳಲಿಲ್ಲವೆಂದು ಅವರಿಗೂ ಹೇಳಿ, ಜೊತೆಗೆ ಬರಲಿದ್ದವರಿಗೂ ಹೇಳಿ.