ಬಾವಲಿ ಮೇಸ್ತ್ರಿಯೂ ನಿಧಾನಿಸಿದರೆ ಸಾಯುವ ಕಾರೂ

ಲೋಕದ ಮೆಕ್ಯಾನಿಕ್ಕುಗಳೆಲ್ಲ ಕಾಲು ನೆಲಕ್ಕೂರಿ, ಬೆನ್ನು ಬಗ್ಗಿಸಿ, ತಲೆಯನ್ನು ಬಾನೆಟ್ಟಿನೊಳಗೆ ತೂರಿಸಿ ಕಾರಿನ ಕಾಯಿಲೆ ಹುಡುಕುತ್ತಾರೆ. ನಮ್ಮ ಬೀದಿಯ ಮೇಸ್ತ್ರಿ ಈ ಪಾಮರ ಮಾರ್ಗವನ್ನು ಎಂದೋ ತ್ಯಜಿಸಿದವರು. ಕಾರು ಶೆಡ್ಡಿಗೆ ಬಂತೆಂದರೆ ಅವರು ಮುಂಬಾಗಿಲು ತೆರೆದು, ಚಪ್ಪಲಿ ಬಿಟ್ಟು, ಸೀಟಿನ ಮೇಲೆ ಅಂಗಾತ ಮಲಗಿ, ಕಾಲುಗಳನ್ನು ಸೀಟಿನ ಬೆನ್ನಿಗೆ ಏರಿಸಿ, ತಲೆಯನ್ನು ಪೆಡಲುಗಳ ಕತ್ತಲೆಗೆ ಮೆಲ್ಲಗೆ ಇಳಿಬಿಡುತ್ತಾರೆ. ಕಣ್ಣು ಮುಚ್ಚಿ, “ಹೂಂ, ಸ್ಟಾರ್ಟ್ ಮಾಡಿ” ಎನ್ನುತ್ತಾರೆ. ಬೀದಿ ಅವರಿಗೆ ಬಾವಲಿ ಮೇಸ್ತ್ರಿ ಎಂದು ಹೆಸರಿಟ್ಟಿತು. ಬಾವಲಿಗಳಿಗೆ ಇದರಿಂದ ಮರ್ಯಾದೆ ಹೆಚ್ಚಿತು.

ಈ ಭಂಗಿಯ ಮಹಿಮೆಯ ಬಗ್ಗೆ ಪಂಡಿತರಲ್ಲಿ ಒಮ್ಮತವಿಲ್ಲ. ತಲೆಕೆಳಗಾದಾಗ ರಕ್ತವೆಲ್ಲ ಕಿವಿಗಿಳಿದು, ಕಿವಿ ನಾಯಿಯ ಕಿವಿಯಷ್ಟು ಚುರುಕಾಗುತ್ತದೆ ಎಂಬುದು ಕ್ಷೌರದಂಗಡಿಯವನ ವಾದ. ಬೀಗ ರಿಪೇರಿಯವನ ಪ್ರಕಾರ ಇದು ಹಡಗಿನ ಎಂಜಿನ್ ಕೋಣೆಯಲ್ಲಿ ಕಣ್ಣಿಲ್ಲದ ಮುದುಕನೊಬ್ಬ ಗುಟ್ಟಾಗಿ ಕಲಿಸಿದ ವಿದ್ಯೆ. ಮೇಸ್ತ್ರಿ ಹಡಗು ಹತ್ತಿದ್ದನ್ನು ಕಂಡವರಿಲ್ಲ. ಆದರೆ ಹತ್ತಿಲ್ಲವೆಂದು ಕಂಡವರೂ ಇಲ್ಲವಲ್ಲ! ಮೇಸ್ತ್ರಿ ಮಲಗಿದರೆ ಬೀದಿಯ ಕಾಗೆಗಳೂ ಬಾಯಿ ಮುಚ್ಚುತ್ತವೆ ಎಂದು ಹಾಲಿನವಳು ಆಣೆ ಮಾಡಿ ಹೇಳುತ್ತಾಳೆ.

ನಮಗೆ ಖಚಿತವಾಗಿ ತಿಳಿದದ್ದು ಇಷ್ಟು. ಮೇಸ್ತ್ರಿ ಹರೆಯದಲ್ಲಿ ಲಾರಿ ವರ್ಕ್‌ಶಾಪಿನ ಭೀಮಸೇನ. ಮೂವರು ಹೊರುವ ಗೇರ್‌ಬಾಕ್ಸನ್ನು ಒಬ್ಬರೇ ಎದೆಗಪ್ಪಿಕೊಂಡು ನಡೆಯುತ್ತಿದ್ದರಂತೆ. ಆಮೇಲೆ ಸ್ವಂತ ಶೆಡ್ಡು ಹಾಕಿದರು. ಅದರ ಮೂಲೆಯಲ್ಲಿ ಅವರ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕುಳಿತು ಸೀಟು ಕವರು ಹೊಲಿಯುತ್ತಾರೆ; ನಡುನಡುವೆ ಗಂಡನಿಗೂ ಒಂದೊಂದು ಹೊಲಿಗೆ ಹಾಕುತ್ತಾರೆ.

ಈ ಶೆಡ್ಡಿಗೆ ಒಂದು ಬೆಳಿಗ್ಗೆ ನರ್ಸಮ್ಮನ ಹಳೆಯ ನೀಲಿ ಕಾರು ಎರಡನೆಯ ಸಲ ಬಂತು. ನರ್ಸಮ್ಮ ಆಸ್ಪತ್ರೆಯಿಂದ ನಿವೃತ್ತರು, ಕೆಲಸದಿಂದಲ್ಲ. ಬಸ್ಸು ಹೋಗದ ಗುಡ್ಡದಾಚೆಯ ಮನೆಗಳಲ್ಲಿ ಹಾಸಿಗೆ ಹಿಡಿದವರ ಗಾಯ ತೊಳೆದು, ಪಟ್ಟಿ ಕಟ್ಟಿ, ಬೈದು ಬರುತ್ತಾರೆ. ಕಾರಿಗೆ ಬಂದದ್ದು ವಿಚಿತ್ರ ರೋಗ. ಓಡುವಾಗ ಕುದುರೆ, ತಿರುವಿನಲ್ಲಿ, ಕ್ರಾಸಿನಲ್ಲಿ ನಿಧಾನ ಮಾಡಿದರೆ ಎರಡು ಸಲ ನಡುಗಿ ಪ್ರಾಣ ಬಿಡುತ್ತಿತ್ತು. ಹಿಂದಿನ ವಾರ ಲಾರಿಯೊಂದು ಒಂದು ಗೇಣು ದೂರದಲ್ಲಿ ಬಂದು ನಿಂತಿತ್ತು.

“ಇವತ್ತು ಸಂಜೆ ಗುಜರಿಯವನು ಬರ್ತಾನೆ ಮೇಸ್ತ್ರಿ. ನಮ್ಮ ಅಳಿಯ ಹೇಳಿಬಿಟ್ಟಿದ್ದಾನೆ” ಎಂದರು ನರ್ಸಮ್ಮ. “ಅವನದ್ದೂ ತಪ್ಪಿಲ್ಲ ಬಿಡಿ, ನನ್ನ ಜೀವದ ಭಯ ಅವನಿಗೆ. ಆದ್ರೆ ಗಾಡಿ ಹೋದ್ರೆ ಆ ಗುಡ್ಡದ ಜನರ ಗತಿ ಏನು? ನನ್ನ ಗತಿ ಏನು? ಕಿಟಕೀಲಿ ಕೂತು ದಾರೀಲಿ ಹೋಗೋರನ್ನ ಎಣಿಸ್ಲಾ?”

ಮೇಸ್ತ್ರಿ ಗದ್ದ ಕೆರೆದುಕೊಂಡರು. ಹಿಂದಿನ ಸಲ ಅವರೂ ಪೆಡಲುಗಳ ಕತ್ತಲಲ್ಲಿ ತಪಸ್ಸು ಮಾಡಿ, ಎಂಜಿನ್ ನಿಂತಲ್ಲೇ ಗುನುಗುವುದನ್ನು ಕೇಳಿ, ತಾವೇ ಊರೆಲ್ಲ ಓಡಿಸಿ, ಗಾಡಿ ಗಟ್ಟಿಯಾಗಿದೆ ಎಂದು ಕಳಿಸಿದ್ದರು. ಅದಕ್ಕೂ ಮುಂಚೆ ಬೇರೆ ಗ್ಯಾರೇಜುಗಳು ಪ್ಲಗ್ಗು ಬದಲಿಸಿದ್ದವು, ಕಾರ್ಬ್ಯುರೇಟರ್ ಬಿಚ್ಚಿ ತೊಳೆದಿದ್ದವು. ಯಾವ ಮೆಕ್ಯಾನಿಕ್ಕು ಓಡಿಸಿದರೂ ಕಾರು ಸಾಯುತ್ತಿರಲಿಲ್ಲ. ಕೊನೆಗೆ ಎಲ್ಲರೂ ಮೀಸೆಯಲ್ಲೇ ನಕ್ಕು ಒಂದೇ ತೀರ್ಪು ಕೊಟ್ಟಿದ್ದರು: ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಹೊಲಿಗೆ ಯಂತ್ರ ನಿಂತಿತು. “ರೀ, ನೀವು ಓಡಿಸಿದ್ರೆ ಹೆಣಾನೂ ಎದ್ದು ಓಡುತ್ತೆ. ಅವರ ಕೈಲೇ ಓಡಿಸಿ ನೋಡ್ರೀ.”

“ಅವರು ಓಡಿಸಿದ್ರೆ ನಾನೆಲ್ಲಿ ಮಲಗಲಿ?”

“ಪಕ್ಕದ ಸೀಟು ಬಾಡಿಗೆಗೆ ಹೋಗಿದ್ಯಾ?”

ಹೀಗೆ ಹೊರಟಿತು ಆ ದಿಗ್ವಿಜಯ. ಸ್ಟೀರಿಂಗಿನ ಹಿಂದೆ ಬಿಳಿ ಕ್ಯಾನ್ವಾಸ್ ಶೂ ತೊಟ್ಟ ನರ್ಸಮ್ಮ. ಪಕ್ಕದ ಸೀಟಿನಲ್ಲಿ ಮೇಸ್ತ್ರಿಯ ತಲೆ ತಳದಲ್ಲಿ, ಪಾದಗಳು ಕಿಟಕಿಯ ಹೊರಗೆ. ಬೀದಿ ಎದ್ದು ನಿಂತಿತು. ಕ್ಷೌರದಂಗಡಿಯಿಂದ ಅರ್ಧ ಗಡ್ಡದವನೊಬ್ಬ ಹೊರಗೆ ಓಡಿಬಂದ. ಆ ಎರಡು ಪಾದಗಳು ಎರಡು ಬಾವುಟಗಳಂತೆ ಇಳಿಜಾರಿನಲ್ಲಿ ಸಾಗಿದ್ದನ್ನು ಕಂಡವರು ಇಂದಿಗೂ ತಣ್ಣಗೆ ಮಾತಾಡಲಾರರು.

ಕ್ರಾಸು ಬಂತು. ನರ್ಸಮ್ಮ ಬ್ರೇಕು ಒತ್ತಿದರು. ಕಾರು ನಡುಗಿತು, ಸತ್ತಿತು. ಹಿಂದೆ ಹಾರನ್ನುಗಳು ಕಿರುಚಿದವು.

“ನೋಡಿದ್ರಾ?” ಎಂದರು ನರ್ಸಮ್ಮ, ಅಳು ತಡೆದು.

“ಕೇಳಿದೆ” ಎಂದಿತು ಕೆಳಗಿನಿಂದ ದನಿ. “ಅಮ್ಮ, ಮತ್ತೆ ಸ್ಟಾರ್ಟ್ ಮಾಡಿ. ಮುಂದಿನ ತಿರುವಲ್ಲೂ ಹೀಗೇ ಒತ್ತಿ. ನಿಮ್ಮ ಬಲಗಾಲು ಪೂರ್ತಿ ಬ್ರೇಕಿಗೇ ಬರುತ್ತಲ್ವಾ?”

“ಮತ್ತೆಲ್ಲಿ ಹೋಗಬೇಕಿತ್ತು? ಒಂದು ಕಾಲಲ್ಲಿ ಎರಡು ಕೆಲಸ ಮಾಡೋಕೆ ನಾನೇನು ಸರ್ಕಸ್ಸಿನವಳಾ?”

ಕೆಳಗೆ ಮೇಸ್ತ್ರಿ ನಗತೊಡಗಿದರು. ಪಾದಗಳೂ ಕುಲುಕಿದವು. ಸರ್ಕಸ್ಸಿನವರು ಮೆಕ್ಯಾನಿಕ್ಕುಗಳೇ! ಜೀವನವಿಡೀ ರೋಗಿ ಗಾಡಿಗಳನ್ನೇ ಓಡಿಸಿದವರು. ಬ್ರೇಕು ಒತ್ತುವಾಗ ಅದೇ ಪಾದದ ಅಂಚಿನಿಂದ ಆಕ್ಸಿಲರೇಟರನ್ನೂ ಚೂರು ಅದುಮಿ, ಎಂಜಿನ್ನಿಗೆ ಗುಟುಕು ಜೀವ ಕೊಡುತ್ತಲೇ ಇರುತ್ತಾರೆ. ಹಾಗೆ ಮಾಡುವುದು ಅವರಿಗೇ ಗೊತ್ತಾಗುವುದಿಲ್ಲ. ಎಲ್ಲರೂ ರೋಗವನ್ನು ತಮ್ಮ ಕಾಲಿನಿಂದಲೇ ಮುಚ್ಚಿಟ್ಟು, ರೋಗವೇ ಇಲ್ಲ ಎಂದಿದ್ದರು. ಕುಣಿತ ಸರಿಯಾಗಿಯೇ ಇತ್ತು. ನೆಲವೇ ಡೊಂಕು.

ಶೆಡ್ಡಿಗೆ ಮರಳುವಷ್ಟರಲ್ಲಿ ಗುಜರಿಯವನು ಲಾರಿ ಸಮೇತ ಬಂದು ಬೀಡಿ ಹಚ್ಚಿ ಕೂತಿದ್ದ. “ಹೆಣ ಎತ್ತೋಕೆ ಇಷ್ಟು ಬೇಗ ಬಂದ್ಯೇನಯ್ಯಾ?” ಎಂದು ಮೇಸ್ತ್ರಿಯ ಹೆಂಡತಿ ಅವನನ್ನು ಮಾತಾಡಿಸಿದರು.

ಮೇಸ್ತ್ರಿ ಹೊರಗೆ ಬರಲಿಲ್ಲ. “ಅಮ್ಮ, ಎಂಜಿನ್ ಆರಿಸಬೇಡಿ. ಬ್ರೇಕು ಒತ್ತಿ. ಎಲ್ಲರೂ ಸುಮ್ಮನಿರಿ.”

ಆಗ ನಾವೂ ಬಾಗಿಲ ಬಳಿ ಕಿವಿಯಿಟ್ಟು ಕೇಳಿದೆವು. ಎಂಜಿನ್ ಸದ್ದಿನ ಅಡಿಯಲ್ಲಿ, ಪೆಡಲಿನ ಹಿಂದಿನ ಕತ್ತಲಲ್ಲಿ, ನಿದ್ದೆಯಲ್ಲಿರುವ ಮಗುವಿನ ಉಸಿರಿನಷ್ಟು ಸಣ್ಣಗೆ ಒಂದು ‘ಸ್ಸ್’. ಕಾಲು ತೆಗೆದರೆ ಇಲ್ಲ, ಒತ್ತಿದರೆ ಇದೆ. ಅದರ ಹಿಂದೆಯೇ ಎಂಜಿನ್ ನಡುಗುತ್ತದೆ. ಇಷ್ಟು ಕಾಲ ಎಲ್ಲರೂ ಗುಡುಗನ್ನೇ ಪರೀಕ್ಷಿಸಿದ್ದರು. ಕಾರನ್ನು ಕೊಲ್ಲುತ್ತಿದ್ದದ್ದು ಈ ಪಿಸುಮಾತು.

“ಬ್ರೇಕಿಗೆ ಬಲ ಕೊಡೋ ಬೂಸ್ಟರ್ ಡಬ್ಬಿ ಇದೆಯಲ್ಲ, ಅದರೊಳಗಿನ ರಬ್ಬರು ಹರಿದಿದೆ” ಎಂದರು ಮೇಸ್ತ್ರಿ. “ಬ್ರೇಕು ಒತ್ತಿದಾಗೆಲ್ಲ ಆ ಹರುಕಿನಿಂದ ಎಂಜಿನ್ನಿಗೆ ಬರಿಗಾಳಿ ನುಗ್ಗುತ್ತೆ. ಪೆಟ್ರೋಲು ಸಾಲಲ್ಲ. ಜೋರಾಗಿ ಓಡುವಾಗ ತಡ್ಕೊಳ್ಳುತ್ತೆ, ನಿಧಾನ ಆದಾಗ ಉಸಿರು ಕಟ್ಟುತ್ತೆ.” ಎದ್ದು ಹೋಗಿ, ಬಾನೆಟ್ಟು ಎತ್ತಿ, ನಿಂತಲ್ಲಿಂದಲೇ ಕೈ ಚಾಚಿ, ಡಬ್ಬಿಯಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪನ್ನು ಇಕ್ಕಳದಲ್ಲಿ ಹಿಸುಕಿ ಹಿಡಿದರು. “ಈಗ ಒತ್ತಿ.”

“ಪೆಡಲು ಕಲ್ಲಾಗಿದೆ ಮೇಸ್ತ್ರಿ!”

“ಆಗಲಿ. ಎಂಜಿನ್ ಏನನ್ನುತ್ತೆ?”

ಎಂಜಿನ್ ಏನೂ ಅನ್ನಲಿಲ್ಲ. ನಡುಗಲಿಲ್ಲ, ಸಾಯಲಿಲ್ಲ, ಹೊಟ್ಟೆ ತುಂಬಿದ ಬೆಕ್ಕಿನಂತೆ ಗುರುಗುಟ್ಟುತ್ತ ಕುಳಿತಿತು. ನರ್ಸಮ್ಮ ಸ್ಟೀರಿಂಗಿಗೆ ಹಣೆಯಿಟ್ಟರು.

ಇನ್ನೊಂದು ಬೂಸ್ಟರ್ ಎಲ್ಲಿಂದ ತರುವುದು? ಎಲ್ಲರ ಕಣ್ಣೂ ಗುಜರಿಯವನ ಮೇಲೆ ಬಿತ್ತು. ಹೆಣ ಒಯ್ಯಲು ಬಂದವನೇ ಓಡಿಹೋಗಿ, ತನ್ನ ರಾಶಿಯಲ್ಲಿದ್ದ ಅದೇ ಮಾದರಿಯ ಕಾರಿನಿಂದ ಗಟ್ಟಿ ಬೂಸ್ಟರ್ ಬಿಚ್ಚಿ ತಂದ. ಸಂಜೆ ನರ್ಸಮ್ಮ ಅಳಿಯನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಇಳಿಜಾರು ಇಳಿದರು, ಕ್ರಾಸಿನಲ್ಲಿ ನಿಲ್ಲಿಸಿದರು. ಬೀದಿಯೆಲ್ಲ ಉಸಿರು ಬಿಗಿಹಿಡಿದು ನೋಡುತ್ತಿತ್ತು. ಕಾರಿನ ಉಸಿರು ಮಾತ್ರ ಸಲೀಸಾಗಿ ಆಡುತ್ತಿತ್ತು.

ಮರಳಿ ಬಂದು ಇಳಿದ ನರ್ಸಮ್ಮ ಮೇಸ್ತ್ರಿಯ ಎರಡೂ ಕೈ ಹಿಡಿದುಕೊಂಡರು. ನಾವೆಲ್ಲ ಸುತ್ತ ನೆರೆದಿದ್ದೆವು. ಕ್ಷೌರದಂಗಡಿಯವನು, ಬೀಗದವನು, ಹಾಲಿನವಳು.

“ಎಷ್ಟು ಡಾಕ್ಟರುಗಳನ್ನ ನೋಡಿದ್ದೀನಪ್ಪಾ, ಇಂಥ ಕಿವಿ ಕಂಡಿಲ್ಲ” ಎಂದರು ನರ್ಸಮ್ಮ. “ಇವತ್ತಾದ್ರೂ ಹೇಳಿ ಮೇಸ್ತ್ರಿ. ತಲೆಕೆಳಗಾಗಿ ಮಲಗಿ ಕೇಳೋ ಈ ವಿದ್ಯೆ ನಿಮಗೆ ಯಾರು ಕಲಿಸಿದ್ದು?”

ಬೀದಿಯ ಕಾಗೆಗಳು ಬಾಯಿ ಮುಚ್ಚಿದವು.

“ಯಾರೂ ಇಲ್ಲಮ್ಮ” ಎಂದರು ಮೇಸ್ತ್ರಿ. “ಬಗ್ಗಿದ್ರೆ ಸೊಂಟ ಹಿಡ್ಕೊಳ್ಳುತ್ತೆ.”