ಹೊಳೆಯ ನೀರಿನ ಮೇಲೊಂದು ಅನುಮಾನ

ಪ್ರಯೋಗಾಲಯದಲ್ಲಿ ಅವಳಿಗೆ ‘ಅನುಮಾನದಕ್ಕ’ ಎಂದೇ ಹೆಸರು. ಬಾಗಿಲಿಗೆ ಬೀಗ ಹಾಕಿದ ಮೇಲೂ ಜಗ್ಗಿ ನೋಡುವವಳು, ಹಾಲು ಕಾಯಿಸುವ ಮೊದಲು ಮೂಸುವವಳು. ಕೆಲಸವೂ ಅವಳ ಸ್ವಭಾವಕ್ಕೆ ಹೇಳಿ ಮಾಡಿಸಿದಂತಿತ್ತು. ಪತಂಗದ ಅಂಡಾಶಯದಿಂದ ತೆಗೆದ ಜೀವಕೋಶಗಳನ್ನು ಚಪ್ಪಟೆ ಸೀಸೆಗಳಲ್ಲಿ ಸಾಕುವುದು. ಕಾರ್ಖಾನೆಗಳು ಹೊಳೆಗೆ ಬಿಡುವ ನೀರನ್ನು ಸೋಸಿ ಅವುಗಳಿಗೆ ಬೆರೆಸಿ, ಎಷ್ಟು ಸಾಯುತ್ತವೆಂದು ನೋಡುವುದು. ಕೊನೆಗೆ ನೀಲಿ ಬಣ್ಣ ಹಾಕಿದರೆ ಸತ್ತ ಕೋಶ ಮಾತ್ರ ಅದನ್ನು ಹೀರುತ್ತಿತ್ತು.

ಆ ಬೇಸಿಗೆಯಲ್ಲಿ ಬಣ್ಣದ ಕಾರ್ಖಾನೆಯ ನೀರು ಎಷ್ಟು ಸಲ ಬಂದರೂ ಕೋಶಗಳು ಸಾಯಲೇ ಇಲ್ಲ. ಕಾರ್ಖಾನೆಯವರು ಸುಧಾರಿಸಿದ್ದಾರೆ ಎಂದು ಮೇಲಧಿಕಾರಿ ಹಿಗ್ಗಿದರು. ಅವಳಿಗೆ ಮಾತ್ರ ಅದು ಗಂಟಲಲ್ಲಿ ಇಳಿಯಲಿಲ್ಲ. ಸೇತುವೆ ದಾಟುವಾಗ ಮೂಗು ಮುಚ್ಚಿಕೊಳ್ಳುವಂಥ ಘಾಟು ಹಾಗೇ ಇತ್ತು. ಆ ನೀರಿನ ಮೇಲೆ ಒಂದು ಸೊಳ್ಳೆಯೂ ಹಾರುತ್ತಿರಲಿಲ್ಲ.

ನೀರು ತುಂಬಿ ತರುತ್ತಿದ್ದವನು ಅವಳ ಸ್ವಂತ ಅಕ್ಕನ ಗಂಡ, ಪ್ರಯೋಗಾಲಯದ ಜೀಪಿನ ಚಾಲಕ. ಅನುಮಾನ ಅವನತ್ತ ತಿರುಗಿದಾಗ ಅವಳಿಗೇ ಮೈ ಮುದುಡಿತು. ಆದರೂ ಹಿಂದೊಮ್ಮೆ ಕಾರ್ಖಾನೆಯ ಕಾವಲುಗಾರ ಅವನ ಹೆಗಲ ಮೇಲೆ ಕೈ ಹಾಕಿ ನಗುತ್ತಿದ್ದುದು ಕಣ್ಣಿಗೆ ಕಟ್ಟಿತು. ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗ ಹೊಳೆಯ ಸುದ್ದಿ ಎತ್ತಿದರೆ ಅವನು ಮಾತು ಮರೆಸುತ್ತಿದ್ದ.

ಒಂದು ಮಧ್ಯಾಹ್ನ ಯಾರಿಗೂ ಹೇಳದೆ ತಾನೇ ಹೋಗಿ ಕಾರ್ಖಾನೆಯ ಕೊಳವೆಯ ಬಾಯಿಂದ ನೀರು ಹಿಡಿದು ತಂದಳು. ಮರುದಿನ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ ಎಲ್ಲೆಲ್ಲೂ ನೀಲಿ. ನೇರ ಜೀಪಿನ ಬಳಿ ಹೋದಳು.

“ಭಾವ, ನಿಜ ಹೇಳಿ. ಇಷ್ಟು ದಿನ ಎಲ್ಲಿನ ನೀರು ತಂದ್ರಿ?”

ಅವನು ಅಂಗಿಯ ತೋಳನ್ನು ಮೊಣಕೈವರೆಗೆ ಸರಿಸಿದ. ಚರ್ಮ ಸುಲಿದು ಕೆಂಪಗಾಗಿತ್ತು.

“ಒಂದ್ಸಲ ಕಾಲು ಜಾರಿ ಕೈ ಅದ್ರಲ್ಲಿ ಮುಳುಗ್ತು. ಆಮೇಲೆ ಆ ಕೊಳವೆ ಹತ್ರ ಹೋಗೋಕೆ ಧೈರ್ಯ ಬರ್ಲಿಲ್ಲ. ಕಾರ್ಖಾನೆಗಿಂತ ಮೇಲ್ಗಡೆ, ಹೊಳೆ ಚೆನ್ನಾಗಿರೋ ಕಡೆ ತುಂಬ್ಕೊಂಡು ಬರ್ತಿದ್ದೆ. ನಿಮ್ಮಕ್ಕನ ಹತ್ರ ಜೀಪಿನ ಬಿಸಿನೀರು ಸಿಡೀತು ಅಂದಿದ್ದೀನಿ. ಹೇಳ್ಬೇಡಮ್ಮ.”

ಅವಳು ಹೇಳಿದಳು, ಮೇಲಧಿಕಾರಿಗೂ ಅಕ್ಕನಿಗೂ. ಹಳೆಯ ವರದಿಗಳೆಲ್ಲ ರದ್ದಾದವು, ಕೊಳವೆಗೆ ಮುದ್ರೆ ಬಿತ್ತು. ಭಾವನಿಗೆ ಜೀಪು ತಪ್ಪಿ ಉಗ್ರಾಣದ ಕೆಲಸ ಬಂತು. ನನ್ನ ಗಂಡನ ಕೈ ನೋಡುವ ಮೊದಲೇ ಅವರು ಲಂಚ ತಿಂದಿದ್ದಾರೆ ಅಂದುಕೊಂಡೆಯಲ್ಲ ಎಂದು ಅಕ್ಕ ಬಹಳ ದಿನ ಮುಖ ಕೊಟ್ಟು ಮಾತಾಡಲಿಲ್ಲ. ಅವಳು ಎದುರಾಡದೆ ಭಾವನನ್ನು ಚರ್ಮದ ವೈದ್ಯರ ಬಳಿಗೆ ಕರೆದುಕೊಂಡು ಹೋದಳು. ಆ ನೀರಿನಲ್ಲಿ ಏನೇನಿತ್ತೆಂದು ತಾನೇ ವಿವರಿಸಿದಳು. ಹಿಂದಿರುಗುವಾಗ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ನಿಲ್ದಾಣ ಬಂದಾಗ ಭಾವ ಮೊದಲು ಇಳಿದು, ಅವಳ ಚೀಲ ಹಿಡಿದುಕೊಳ್ಳಲು ಒಳ್ಳೆಯ ಕೈಯನ್ನು ಚಾಚಿದ.